ಬೇಸ್ ಗಿಟಾರಿನ ಪೆಟ್ಟಿಗೆ ಪುರಾಣ

ಸಿನಿಮಾ ಹಾಡು ಕೇಳುವಾಗ ನಮ್ಮ ಗಮನ ಮೊದಲು ಹೋಗುವುದು ಹಾಡುವವರ ದನಿಗೆ. ಆಮೇಲೆ ಕೊಳಲು, ಪಿಟೀಲು, ತಬಲಾ. ಬೇಸ್ ಗಿಟಾರನ್ನು ಮಾತ್ರ ಯಾರೂ ಬೇಕೆಂದು ಕೇಳುವುದಿಲ್ಲ. ಆದರೆ ಅದೊಂದನ್ನು ತೆಗೆದು ನೋಡಿ, "ಇದೇನ್ರೀ ಸಪ್ಪೆ ಆಗ್ಹೋಯ್ತಲ್ಲ" ಅನ್ನುತ್ತೀರಿ. ಸಾರಿಗೆ ಹಾಕಿದ ಉಪ್ಪಿನ ಹಾಗೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ತಟ್ಟೆ ಮುಂದೆ ಕೂತವರೆಲ್ಲ ತಲೆ ಎತ್ತಿ ಅಡುಗೆಮನೆ ಕಡೆ ನೋಡುತ್ತಾರೆ.

ಈ ಉಪ್ಪು ಕಿವಿಗೆ ತಲುಪಬೇಕಾದರೆ ಒಂದು ಆಂಪ್ಲಿಫಯರ್ ಬೇಕು, ಒಂದು ಸ್ಪೀಕರ್ ಪೆಟ್ಟಿಗೆ ಬೇಕು. ಬೇಸ್ ಕಲಿಯಲು ಹೊರಟ ಹುಡುಗರು ಮೊದಲು ಕೇಳುವ ಪ್ರಶ್ನೆ, "ಎಷ್ಟು ವ್ಯಾಟಿನದ್ದು ತಗೊಳ್ಳಲಿ?" ಅಂತ. ಪ್ರಶ್ನೆ ಸರಳ. ಆದರೆ ಇದಕ್ಕೆ ಉತ್ತರ ಹುಡುಕುತ್ತಾ ಜಗತ್ತು ಹತ್ತಿರ ಹತ್ತಿರ ತೊಂಬತ್ತು ವರ್ಷ ಕಳೆದಿದೆ. ಎಷ್ಟೋ ಜನರ ಬೆನ್ನು ಮುರಿದಿದೆ, ಕಿವಿ ಕೆಟ್ಟಿದೆ, ಕೆಲವರಿಗೆ ಅನ್ನ ಸಿಕ್ಕಿದೆ. ಆ ಕಥೆಯನ್ನೇ ಇವತ್ತು ಹೇಳೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕಕ್ಕಿಟ್ಟುಕೊಳ್ಳಿ :)

ಮಂದ್ರಕ್ಕೆ ಯಾಕೆ ಇಷ್ಟು ಕಷ್ಟ?

ಮೃದಂಗದ ವಿದ್ವಾಂಸರು ಕಚೇರಿಗೆ ಮುಂಚೆ ಎಡಗಡೆಯ ಮುಖಕ್ಕೆ ರವೆ ಕಲಸಿ ಮೆತ್ತುವುದನ್ನು ನೀವು ನೋಡಿರುತ್ತೀರಿ. ಚರ್ಮದ ಭಾರ ಹೆಚ್ಚಾದರೆ ಅದು ನಿಧಾನವಾಗಿ ಕಂಪಿಸುತ್ತದೆ, ದನಿ ಮಂದ್ರಕ್ಕೆ ಇಳಿಯುತ್ತದೆ. ತಗ್ಗಿನ ದನಿಗೆ ಭಾರವಾದ, ದೊಡ್ಡದಾದ ವಸ್ತುವೇ ಬೇಕು ಅನ್ನುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ 41 ಹರ್ಟ್ಜ್. ಗಾಳಿಯಲ್ಲಿ ಆ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ನಮ್ಮ ಮುಂಬಯಿಯ ಒನ್ ಬಿಎಚ್‌ಕೆ ಮನೆಯ ಹಾಲಿನಲ್ಲಿ ಅದು ಕಾಲು ಚಾಚಿ ಮಲಗಲೂ ಜಾಗ ಸಾಲದು! ಇಂಥ ಅಲೆ ಎಬ್ಬಿಸಬೇಕಾದರೆ ಸ್ಪೀಕರಿನ ಕಾಗದದ ಶಂಕು ತುಂಬಾ ಗಾಳಿಯನ್ನು ತಳ್ಳಬೇಕು. ಸಾಲದ್ದಕ್ಕೆ ನಮ್ಮ ಕಿವಿಗೂ ತಗ್ಗಿನ ದನಿಯೆಂದರೆ ಅಷ್ಟಕ್ಕಷ್ಟೇ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಮಾತಿನ ದನಿಯಷ್ಟೇ ಜೋರಾಗಿ ಮಂದ್ರವೂ ಕೇಳಿಸಬೇಕಾದರೆ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಕೊಡಬೇಕು.

ಇಲ್ಲಿಗೆ ಒಂದು ಕಬ್ಬಿಣದಂಥ ನಿಯಮ ಬಂದು ಕೂರುತ್ತದೆ. ಅದರ ಹೆಸರೇ ಹಾಫ್‌ಮನ್ ಅವರ ಕಬ್ಬಿಣದ ನಿಯಮ. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಅಂದರೆ ಈ ಹಾಫ್‌ಮನ್ನೇ. ಆತ ಹೇಳಿದ್ದು ಇಷ್ಟು. ಸ್ಪೀಕರ್ ಪೆಟ್ಟಿಗೆಯಿಂದ ನೀವು ಮೂರು ವರ ಕೇಳಬಹುದು: ದನಿ ಆಳಕ್ಕೆ ಇಳಿಯಬೇಕು, ಕಡಿಮೆ ಶಕ್ತಿಯಲ್ಲಿ ಜೋರಾಗಿ ಕೇಳಬೇಕು, ಪೆಟ್ಟಿಗೆ ಚಿಕ್ಕದಿರಬೇಕು. ಸಿಗುವುದು ಎರಡೇ. ಮೂರನೆಯದನ್ನು ಬಿಡಲೇಬೇಕು.

ಬೇಸ್ ಆಂಪ್ಲಿಫಯರಿನ ಇಡೀ ಚರಿತ್ರೆ ಅಂದರೆ, ಯಾವ ಕಾಲದವರು ಯಾವುದನ್ನು ಬಿಟ್ಟರು, ಬಿಟ್ಟಿದ್ದಕ್ಕೆ ಯಾರು ಬೆಲೆ ತೆತ್ತರು ಅನ್ನುವುದೇ.

ಆಳೆತ್ತರದ ವಾದ್ಯದ ಕಾಲ

ಬೇಸ್ ಗಿಟಾರಿಗೆ ಮುಂಚೆ ಇದ್ದದ್ದು ಡಬಲ್ ಬೇಸ್. ನಿಂತುಕೊಂಡು ನುಡಿಸುವ, ಆಳೆತ್ತರ ಮೀರಿದ ಮರದ ವಾದ್ಯ. 1930ರ ದಶಕದಲ್ಲಿ ಅಮೆರಿಕದ ಡಾನ್ಸ್ ಬ್ಯಾಂಡುಗಳು ದೊಡ್ಡದಾಗುತ್ತಾ ಹೋದವು. ಒಂದು ಕಡೆ ಹತ್ತು ಹನ್ನೆರಡು ಜನ ಕಹಳೆ, ಸ್ಯಾಕ್ಸೊಫೋನ್ ಊದುತ್ತಿದ್ದರೆ, ಹಿಂದೆ ಡ್ರಮ್ಸ್. ಡಬಲ್ ಬೇಸಿನವನು ಬೆರಳು ಬೊಬ್ಬೆ ಬರುವಷ್ಟು ಎಳೆದು ನುಡಿಸಿದರೂ ಮೂರನೇ ಸಾಲಿಗೆ ಕೇಳಿಸುತ್ತಿರಲಿಲ್ಲ. ಕಚೇರಿ ಮುಗಿದ ಮೇಲೆ ಅದೇ ವಾದ್ಯವನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡಬೇಕು. ಹೊರುವ ಕಷ್ಟ ಎಲ್ಲರಿಗಿಂತ ಹೆಚ್ಚು, ಕೇಳಿಸುವುದು ಎಲ್ಲರಿಗಿಂತ ಕಡಿಮೆ.

ಇದಕ್ಕೆ ಪರಿಹಾರ ಹುಡುಕಿದ ಮೊದಲಿಗರಲ್ಲಿ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಒಬ್ಬ. 1930ರ ದಶಕದ ಮಧ್ಯದಲ್ಲೇ ಆತ ಆಡಿಯೋವಾಕ್ಸ್ ಎಂಬ ಹೆಸರಿನಲ್ಲಿ ವಿದ್ಯುತ್ ಬೇಸ್ ಮಾಡಿ ಮಾರಿದ. ಅಡ್ಡಲಾಗಿ ಹಿಡಿದು ನುಡಿಸುವಂಥದ್ದು, ವೀಣೆಗಿರುವ ಹಾಗೆ ಮೆಟ್ಟಿಲುಗಳಿದ್ದವು. ಅಂದರೆ ಇವತ್ತಿನ ಬೇಸ್ ಗಿಟಾರಿನ ರೂಪವೇ. ಆದರೆ ಅದು ಹೆಚ್ಚು ಹರಡಲಿಲ್ಲ. ಆ ಕಾಲದ ಪುಟ್ಟ ಆಂಪ್ಲಿಫಯರುಗಳಿಗೆ ಮಂದ್ರವನ್ನು ಹೊರುವ ತ್ರಾಣ ಸಾಲದು.

ಇನ್ನೊಬ್ಬ ಎವರೆಟ್ ಹಲ್. ಈತ ಸ್ವತಃ ಸಂಗೀತಗಾರ. ಡಬಲ್ ಬೇಸ್ ಕೆಳಗಡೆ ಒಂದು ಗೂಟದ ಮೇಲೆ ನಿಲ್ಲುತ್ತದಲ್ಲ, ಆ ಗೂಟಕ್ಕೇ ಒಂದು ಮೈಕ್ ಜೋಡಿಸಿಟ್ಟ. ಗೂಟಕ್ಕೆ ಇಂಗ್ಲಿಷಿನಲ್ಲಿ ಪೆಗ್. ಆಂಪ್ಲಿಫೈ ಆದ ಪೆಗ್, ಆಂಪೆಗ್! 1940ರ ದಶಕದ ಕೊನೆಯಲ್ಲಿ ಹೀಗೆ ಹುಟ್ಟಿದ ಹೆಸರು ಮುಂದೆ ಬೇಸ್ ಲೋಕದಲ್ಲಿ ಮನೆಮಾತಾಯಿತು. ಕಂಪನಿಯ ಹೆಸರಿನ ಹಿಂದೆ ಇಂಥದ್ದೊಂದು ಗೂಟದ ಕಥೆ ಇದೆ ಅಂತ ಅದನ್ನು ಬಳಸುವ ಎಷ್ಟೋ ಜನರಿಗೆ ಗೊತ್ತಿರಲಾರದು.

ರೇಡಿಯೋ ರಿಪೇರಿಯವನ ಕೈಚಳಕ

ಮುಂದಿನ ಪಾತ್ರಧಾರಿ ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವ. ತಮಾಷೆ ಅಂದರೆ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರು ಅಂಗಡಿಗೆ ಬಂದು ಹೇಳಿಕೊಳ್ಳುವ ತಾಪತ್ರಯವನ್ನು ತಾಳ್ಮೆಯಿಂದ ಕೇಳುತ್ತಿದ್ದ. 1951ರಲ್ಲಿ ಪ್ರಿಸಿಷನ್ ಬೇಸ್ ತಂದ. ಮೆಟ್ಟಿಲುಗಳಿರುವುದರಿಂದ ಸ್ವರ ಖಚಿತವಾಗಿ ಬೀಳುತ್ತದೆ, ಅದಕ್ಕೇ ಆ ಹೆಸರು. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದಾದ ಬೇಸ್!

ವಾದ್ಯ ಹಗುರವಾಯಿತು. ಆದರೆ ಕಳೆದ ಭಾರ ಎಲ್ಲಿಗೂ ಹೋಗಿರಲಿಲ್ಲ, ವಾದ್ಯದಿಂದ ಸ್ಪೀಕರ್ ಪೆಟ್ಟಿಗೆಗೆ ದಾಟಿಕೊಂಡಿತ್ತು ಅಷ್ಟೇ. ಡಬಲ್ ಬೇಸಿಗೆ ತನ್ನದೇ ಹೊಟ್ಟೆಯಿತ್ತು, ದನಿ ಅಲ್ಲಿಂದ ಬರುತ್ತಿತ್ತು. ಈ ಹಲಗೆಯಂಥ ಬೇಸಿಗೆ ಹೊಟ್ಟೆಯೇ ಇಲ್ಲ. ಅದಕ್ಕೆ 1952ರಲ್ಲಿ ಫೆಂಡರ್ ಬೇಸ್‌ಮನ್ ಎಂಬ ಆಂಪ್ಲಿಫಯರ್ ಮಾಡಿದ. ಒಂದೇ ಒಂದು 15 ಇಂಚಿನ ಸ್ಪೀಕರ್, 26 ವ್ಯಾಟಿನ ಆಸುಪಾಸಿನ ಶಕ್ತಿ. ಕೆಲವೇ ವರ್ಷಗಳಲ್ಲಿ ಅದನ್ನು ಬದಲಿಸಿ 10 ಇಂಚಿನ ನಾಲ್ಕು ಸ್ಪೀಕರ್ ಕೂರಿಸಿದ. ಒಬ್ಬನೇ ಹೊರುವ ಮೂಟೆಯನ್ನು ನಾಲ್ಕು ಜನ ಹಂಚಿಕೊಂಡ ಹಾಗೆ.

ಆದರೆ ಆ ಪೆಟ್ಟಿಗೆಯ ಹಿಂಭಾಗ ತೆರೆದಿತ್ತು. ಸ್ಪೀಕರಿನ ಶಂಕು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ತಗ್ಗಿನ ಸ್ವರದಲ್ಲಿ ಈ ಎರಡೂ ಪಕ್ಕದಿಂದ ಸುತ್ತಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಬೇಸಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿ ಬೇಸೇ ಸೋರಿಹೋಗುತ್ತಿತ್ತು! ಗಿಟಾರಿನವರಿಗೆ ಮಾತ್ರ ಅದೇ ಪ್ರಿಯವಾಯಿತು. ಜೋರು ಮಾಡಿದಾಗ ಅದರ ದನಿ ಸ್ವಲ್ಪ ಒಡೆದು, ಬೆಲ್ಲದ ಪಾಕದ ಹಾಗೆ ದಪ್ಪವಾಗುತ್ತಿತ್ತು. 1962ರ ಹೊತ್ತಿಗೆ ಲಂಡನ್ನಿನ ಜಿಮ್ ಮಾರ್ಷಲ್ ಎಂಬ ಡ್ರಮ್ಸ್ ಅಂಗಡಿಯವನ ಬಳಗ ಬೇಸ್‌ಮನ್ನಿನ ಸರ್ಕ್ಯೂಟನ್ನೇ ಮುಂದಿಟ್ಟುಕೊಂಡು ತಮ್ಮ ಮೊದಲ ಆಂಪ್ಲಿಫಯರ್ ಕಟ್ಟಿತು. ಮುಂದೆ ರಾಕ್ ಗಿಟಾರಿನ ಗುಡುಗು ಅಂತ ಜಗತ್ತು ಯಾವುದನ್ನು ಕರೆಯಿತೋ, ಅದರ ತವರುಮನೆ ಬೇಸಿನವನಿಗೆಂದು ಮಾಡಿದ ಪೆಟ್ಟಿಗೆ. ಅಲ್ಲೂ ಬೇಸಿನವನಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ನೋಡಿ.

ಡೆಟ್ರಾಯಿಟ್‌ಗೆ ಬಂದ ಹುಡುಗ

1960ರಲ್ಲಿ ಆಂಪೆಗ್ ಕಂಪನಿಯ ಜೆಸ್ ಆಲಿವರ್ ಒಂದು ಜಾಣತನದ ಪೆಟ್ಟಿಗೆ ಮಾಡಿದ. ಹೆಸರು ಬಿ-15, ಪೋರ್ಟಾಫ್ಲೆಕ್ಸ್. 15 ಇಂಚಿನ ಒಂದು ಸ್ಪೀಕರ್, 25 ವ್ಯಾಟ್. ಪೆಟ್ಟಿಗೆಯ ಹಿಂಭಾಗ ಮುಚ್ಚಿ, ಅಳತೆ ಹಾಕಿ ಒಂದು ಗಾಳಿಕಿಂಡಿ ಬಿಟ್ಟಿದ್ದರು. ಹಿಂದೆ ಹೋಗುವ ದನಿ ಆ ಕಿಂಡಿಯಿಂದ ಸರಿಯಾದ ಹೊತ್ತಿಗೆ ಹೊರಬಂದು ಮುಂದಿನ ದನಿಗೆ ಜೊತೆಯಾಗುತ್ತಿತ್ತು. ವಾಲ್ವುಗಳಿರುವ ಆಂಪ್ಲಿಫಯರ್ ಭಾಗ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಕಚೇರಿ ಮುಗಿದ ಮೇಲೆ ಮುಚ್ಚಳವನ್ನು ತಿರುವಿ ಹಾಕಿದರೆ ವಾಲ್ವುಗಳು ಪೆಟ್ಟಿಗೆಯೊಳಗೆ ಭದ್ರ. ನಮ್ಮ ಮನೆಗಳಲ್ಲಿ ಹೊಲಿಗೆ ಮಿಷನ್ನನ್ನು ಮಗುಚಿ ಮೇಜಿನ ಹೊಟ್ಟೆಗೆ ಇಳಿಸುತ್ತಿದ್ದರಲ್ಲ, ಹಾಗೆ. ದನಿ ಆಳವಾಗಿತ್ತು, ಗಾತ್ರ ಹಿತಮಿತವಾಗಿತ್ತು. ಬಿಟ್ಟುಕೊಟ್ಟದ್ದು ಜೋರನ್ನು. ಆಂಪೆಗ್ಗಿನ ಹಲ್ ಅವರಿಗೆ ಜೋರಾದ, ಒಡಕು ದನಿಯ ರಾಕ್ ಸಂಗೀತ ಸೇರುತ್ತಲೂ ಇರಲಿಲ್ಲ.

ಈ ಪೆಟ್ಟಿಗೆಯ ಜೊತೆ ನೆನಪಾಗುವ ಹೆಸರು ಜೇಮ್ಸ್ ಜೇಮರ್ಸನ್. ಈತನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಬೇಗ ತಾಗುತ್ತದೆ. 1936ರಲ್ಲಿ ಹುಟ್ಟಿದ್ದು ದಕ್ಷಿಣ ಕೆರೊಲಿನಾದ ಕಡಲಂಚಿನ ಎಡಿಸ್ಟೋ ದ್ವೀಪದಲ್ಲಿ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದಿಂದ ಲಕ್ಷಾಂತರ ಕಪ್ಪು ಜನ ವರ್ಣಭೇದದಿಂದ ತಪ್ಪಿಸಿಕೊಂಡು, ಕೆಲಸ ಹುಡುಕಿಕೊಂಡು ಉತ್ತರದ ಕಾರ್ಖಾನೆ ನಗರಗಳಿಗೆ ಬರುತ್ತಿದ್ದರು. ಜೇಮರ್ಸನ್ 1954ರಲ್ಲಿ ಕಾರುಗಳ ಊರಾದ ಡೆಟ್ರಾಯಿಟ್ ಸೇರಿದ. ಶಾಲೆಯಲ್ಲಿ ಡಬಲ್ ಬೇಸ್ ಕಲಿತ. ಆಮೇಲೆ ಫೆಂಡರ್ ಪ್ರಿಸಿಷನ್ ಹಿಡಿದ. ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ನೆಲಮಾಳಿಗೆಯಂಥ ಸ್ಟುಡಿಯೋದಲ್ಲಿ ಒಂದೇ ತೋರುಬೆರಳಿನಿಂದ ತಂತಿ ಮೀಟಿ, ಅರವತ್ತರ ದಶಕದ ಲೆಕ್ಕವಿಲ್ಲದಷ್ಟು ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ.

ರಾತ್ರಿ ಕ್ಲಬ್ಬುಗಳಲ್ಲಿ ಆತನ ಬೇಸ್ ಬಿ-15 ಪೆಟ್ಟಿಗೆಯಿಂದ ಕೇಳಿಸುತ್ತಿತ್ತು. ಸ್ಟುಡಿಯೋದಲ್ಲಾದರೆ ಹೆಚ್ಚಾಗಿ ಪೆಟ್ಟಿಗೆಯೇ ಇಲ್ಲ. ಅಲ್ಲಿನ ಇಂಜಿನಿಯರರು ಬೇಸಿನ ತಂತಿಯನ್ನು ನೇರವಾಗಿ ರೆಕಾರ್ಡಿಂಗ್ ಮೇಜಿಗೆ ಜೋಡಿಸುವ ಏರ್ಪಾಡು ಮಾಡಿದ್ದರು. ಇದನ್ನೇ ಈಗ ಡಿಐ ಅನ್ನುವುದು, ಇದರ ವಿಷಯ ಮುಂದೆ ಬರುತ್ತದೆ. ಹಾಡುಗಳು ಜಗತ್ತೆಲ್ಲ ಸುತ್ತಿದವು. ಆದರೆ ರೆಕಾರ್ಡಿನ ಹೊದಿಕೆಯ ಮೇಲೆ ವಾದ್ಯಗಾರರ ಹೆಸರು ಹಾಕುವ ಪದ್ಧತಿ ಆ ಕಂಪನಿಯಲ್ಲಿ ಇರಲಿಲ್ಲ. ಜೇಮರ್ಸನ್ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಮೇಲೆ. 1972ರಲ್ಲಿ ಮೋಟೌನ್ ಡೆಟ್ರಾಯಿಟ್ ಬಿಟ್ಟು ಲಾಸ್ ಏಂಜಲಿಸ್‌ಗೆ ಹೋಯಿತು. ಆತನೂ ಹಿಂದೆ ಹೋದ, ಆದರೆ ಅಲ್ಲಿ ಬೇರೂರಲಿಲ್ಲ. 1983ರಲ್ಲಿ ಕಂಪನಿ ತನ್ನ ಇಪ್ಪತ್ತೈದನೇ ವರ್ಷದ ಸಮಾರಂಭ ಮಾಡಿದಾಗ ತಾನೇ ಟಿಕೆಟ್ ಕೊಂಡು ಹಿಂದೆ ಕೂತು ನೋಡಿದ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ನಲವತ್ತೇಳು ವರ್ಷ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2000ದಲ್ಲಿ.

ಕೇಳಿಸುವುದು ಅಂದರೆ ಎರಡು ಬಗೆ ಅಂತ ನನಗೆ ಅನ್ನಿಸುವುದು ಇದಕ್ಕೇ. ದನಿ ಕೇಳಿಸುವುದು ಒಂದು, ಯಾರ ದನಿ ಅಂತ ಗೊತ್ತಾಗುವುದು ಇನ್ನೊಂದು. ಮೊದಲನೆಯದಕ್ಕೆ ಆಂಪ್ಲಿಫಯರ್ ಸಾಕು.

ಜೋರು, ಇನ್ನೂ ಜೋರು

ಇತ್ತ ಇಂಗ್ಲೆಂಡಿನಲ್ಲಿ 1962ರ ಜೂನ್ 6ರಂದು ಲಿವರ್‌ಪೂಲಿನ ನಾಲ್ವರು ಹುಡುಗರು ಇಎಂಐ ಸ್ಟುಡಿಯೋಗೆ ಪರೀಕ್ಷೆ ಕೊಡಲು ಬಂದರು. ಬೀಟಲ್ಸ್. ಪಾಲ್ ಮೆಕಾರ್ಟ್ನಿಯ ಬೇಸ್ ಆಂಪ್ಲಿಫಯರ್ ಎಷ್ಟು ಹಾಳಾಗಿತ್ತೆಂದರೆ ರೆಕಾರ್ಡ್ ಮಾಡಲು ಸಾಧ್ಯವೇ ಇರಲಿಲ್ಲ. ಸ್ಟುಡಿಯೋದವರು ಪ್ರತಿಧ್ವನಿ ಕೋಣೆಯಲ್ಲಿದ್ದ ದೊಡ್ಡ ಟ್ಯಾನಾಯ್ ಸ್ಪೀಕರನ್ನು ಎತ್ತಿ ತಂದು, ಬೇರೊಂದು ಆಂಪ್ಲಿಫಯರಿಗೆ ಜೋಡಿಸಿ ಅವತ್ತಿನ ಕೆಲಸ ಸಾಗಿಸಿದರು. ಜಗತ್ಪ್ರಸಿದ್ಧ ತಂಡದ ಮೊದಲ ಪರೀಕ್ಷೆ ನಿಂತದ್ದು ಇಂಥ ಎರವಲು ಪೆಟ್ಟಿಗೆಯ ಮೇಲೆ.

ಮೂರೇ ವರ್ಷ. 1965ರ ಆಗಸ್ಟ್ 15ರಂದು ಅದೇ ತಂಡ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,600 ಜನರ ಮುಂದೆ ನಿಂತಿತು. ವೇದಿಕೆಯ ಮೇಲೆ ವಾಕ್ಸ್ ಕಂಪನಿಯ 100 ವ್ಯಾಟ್ ಆಂಪ್ಲಿಫಯರುಗಳು. ಜನರ ಕಿರುಚಾಟದಲ್ಲಿ ಅವರಿಗೆ ತಮ್ಮ ವಾದ್ಯವೇ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಶುರುವಾಯಿತು ನೋಡಿ ವ್ಯಾಟುಗಳ ಓಟ.

ಇಲ್ಲಿ ಒಂದು ಲೆಕ್ಕ. ಆಂಪ್ಲಿಫಯರಿನ ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ದನಿ ದುಪ್ಪಟ್ಟಾಗುವುದಿಲ್ಲ. ಕೇವಲ 3 ಡೆಸಿಬೆಲ್ ಏರುತ್ತದೆ, "ಸ್ವಲ್ಪ ಜೋರಾಯ್ತು" ಅನ್ನುವಷ್ಟು. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 25 ವ್ಯಾಟಿನ ಬಿ-15 ಪೆಟ್ಟಿಗೆಯ ಎರಡರಷ್ಟು ಜೋರು ಬೇಕೆಂದರೆ 250 ವ್ಯಾಟ್ ಬೇಕು!

ಆಂಪೆಗ್ 1969ರಲ್ಲಿ ಅದನ್ನೂ ಮಾಡಿತು. ಅಷ್ಟರಲ್ಲಿ ಕಂಪನಿ ಹಲ್ ಅವರ ಕೈಯಿಂದ ಬೇರೆಯವರಿಗೆ ಹೋಗಿತ್ತು. ಹೊಸ ಆಂಪ್ಲಿಫಯರಿನ ಹೆಸರು ಎಸ್‌ವಿಟಿ. 300 ವ್ಯಾಟ್, ಒಳಗೆ 14 ವಾಲ್ವುಗಳು. ಆಂಪ್ಲಿಫಯರ್ ಒಂದೇ 35 ಕಿಲೋಗಿಂತ ಹೆಚ್ಚು ತೂಕ. ಅದರ ಕೆಳಗೆ 10 ಇಂಚಿನ ಎಂಟೆಂಟು ಸ್ಪೀಕರುಗಳಿರುವ ಎರಡು ಪೆಟ್ಟಿಗೆ. ಆ ಪೆಟ್ಟಿಗೆಗೆ ಸಂಗೀತಗಾರರು ಇಟ್ಟ ಅಡ್ಡಹೆಸರು ಫ್ರಿಜ್. ನೋಡಲೂ ಹಾಗೇ, ಹೊರಲೂ ಹಾಗೇ. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಅಮೆರಿಕ ಪ್ರವಾಸದಲ್ಲಿ ಅದರ ಮೊದಮೊದಲ ಮಾದರಿಗಳು ಬಳಕೆಯಾದವು. ಜೋರು ಸಿಕ್ಕಿತು, ಬಿಟ್ಟುಕೊಟ್ಟದ್ದು ಬೆನ್ನನ್ನು.

ಈ ದಾರಿಯ ತುತ್ತತುದಿ 1974ರಲ್ಲಿ ಬಂತು. ಗ್ರೇಟ್‌ಫುಲ್ ಡೆಡ್ ಎಂಬ ತಂಡ 'ವಾಲ್ ಆಫ್ ಸೌಂಡ್' ಅಂತ ದನಿಯ ಗೋಡೆಯನ್ನೇ ಕಟ್ಟಿತು. ಸುಮಾರು 600 ಸ್ಪೀಕರ್, ಸುಮಾರು 26,000 ವ್ಯಾಟ್, ಸುಮಾರು 75 ಟನ್ ತೂಕ. ಫಿಲ್ ಲೆಶ್ ನುಡಿಸುವ ಬೇಸಿಗೆ ತನ್ನದೇ ಎತ್ತರದ ಸ್ಪೀಕರ್ ಕಂಬಗಳು. ಮೈದಾನದ ಕೊನೆಯವರೆಗೂ ದನಿ ಸ್ವಚ್ಛವಾಗಿ ಕೇಳುತ್ತಿತ್ತಂತೆ. ಆದರೆ ಅದನ್ನು ಕಟ್ಟಿ, ಬಿಚ್ಚಿ, ಲಾರಿಗೆ ಹೇರುವ ಖರ್ಚಿಗೆ ತಂಡವೇ ಬಸವಳಿಯಿತು. ಆ ವರ್ಷದ ಅಕ್ಟೋಬರಿನಲ್ಲೇ ಗೋಡೆ ಕಳಚಿಟ್ಟರು. ಎರಡು ವರ್ಷದ ನಂತರ, 1976ರಲ್ಲಿ, ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ದಿ ಹೂ ತಂಡದ ಕಚೇರಿಯನ್ನು 32 ಮೀಟರ್ ದೂರದಿಂದ ಅಳೆದಾಗ 126 ಡೆಸಿಬೆಲ್ ಬಂತು. ಗಿನ್ನೆಸ್ ದಾಖಲೆ ಪುಸ್ತಕಕ್ಕೂ ಸೇರಿತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತನ್ನ ಕಿವಿ ಹಾಳಾದುದರ ಬಗ್ಗೆ ಮುಂದೆ ಬಹಿರಂಗವಾಗಿಯೇ ಮಾತಾಡಿದ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್, ಅದಕ್ಕಿಂತ ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯಬೇಕು ಅನ್ನುವುದು ಕಿವಿ ಕಾಪಾಡುವವರ ಲೆಕ್ಕ. 126 ಅಂದರೆ ಅದು ಸೆಕೆಂಡುಗಳ ಮಾತು.

ಲೆಕ್ಕದವರು ಬಂದರು

ಪೆಟ್ಟಿಗೆ ಮಾಡುವುದು ಅಲ್ಲಿಯವರೆಗೆ ಬಡಗಿಯ ಅಂದಾಜಿನ ಕೆಲಸವಾಗಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಎಪ್ಪತ್ತರ ದಶಕದಲ್ಲಿ ರಿಚರ್ಡ್ ಸ್ಮಾಲ್, ಸ್ಪೀಕರಿನ ಗುಣಗಳನ್ನು ಅಂಕಿಗಳಲ್ಲಿ ಹಿಡಿದರು. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ಅಗಲದ ಕಿಂಡಿ ಅಂತ ಕಾಗದದ ಮೇಲೇ ಲೆಕ್ಕ ಹಾಕುವುದು ಸಾಧ್ಯವಾಯಿತು. ಇವತ್ತು ಅಂಗಡಿಯಲ್ಲಿರುವ ಯಾವುದೇ ಒಳ್ಳೆಯ ಬೇಸ್ ಪೆಟ್ಟಿಗೆಯ ಹಿಂದೆ ಈ ಇಬ್ಬರ ಲೆಕ್ಕ ಇದೆ.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದು ವಾಲ್ವಿನ ಭಾರ ಇಳಿಸಿತು. ಎಪ್ಪತ್ತರ ದಶಕದಲ್ಲಿ ಲ್ಯಾರಿ ಗ್ರಹಾಂ, ಸ್ಟಾನ್ಲಿ ಕ್ಲಾರ್ಕ್‌ರಂಥವರು ಬೇಸಿನ ತಂತಿಯನ್ನು ಹೆಬ್ಬೆರಳಿನಿಂದ ಬಡಿದು, ಎಳೆದು ನುಡಿಸತೊಡಗಿದಾಗ ಮಂದ್ರದ ಜೊತೆಗೆ ಚಟಚಟ ಎನ್ನುವ ಮೇಲಿನ ದನಿಯೂ ಕೇಳಬೇಕಾಯಿತು. ಎಂಬತ್ತರ ದಶಕದಲ್ಲಿ ಎಸ್‌ಡಬ್ಲ್ಯೂಆರ್‌ನಂಥ ಕಂಪನಿಗಳು 10 ಇಂಚಿನ ನಾಲ್ಕು ಸ್ಪೀಕರಿನ ಜೊತೆ ಒಂದು ಪುಟ್ಟ ಟ್ವೀಟರನ್ನೂ ಕೂರಿಸಿದವು. 1984ರ ಸುಮಾರಿಗೆ ನಿಯೋಡಿಮಿಯಮ್ ಅಯಸ್ಕಾಂತ ಬಂತು, ಚಿಕ್ಕ ತುಂಡಿನಲ್ಲಿ ದೊಡ್ಡ ಬಲ. 2000ದ ಈಚೆಗೆ ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫಯರುಗಳು ಬಂದವು. ಇವು ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸಿ ಕೆಲಸ ಮಾಡುವುದರಿಂದ ಶಾಖವಾಗಿ ಪೋಲಾಗುವುದು ತೀರಾ ಕಡಿಮೆ. 35 ಕಿಲೋದ ಎಸ್‌ವಿಟಿ ಕೊಡುತ್ತಿದ್ದ ಶಕ್ತಿಗಿಂತ ಹೆಚ್ಚು ವ್ಯಾಟು ಈಗ ಎರಡು ಕಿಲೋ ಆಸುಪಾಸಿನ, ಟಿಫಿನ್ ಡಬ್ಬಿಯಷ್ಟು ಗಾತ್ರದ ಆಂಪ್ಲಿಫಯರಿನಿಂದ ಸಿಗುತ್ತದೆ.

ಹಾಗಾದರೆ ಹಾಫ್‌ಮನ್ ಸೋತನೇ? ಇಲ್ಲ. ಆಂಪ್ಲಿಫಯರ್ ಪುಟ್ಟದಾಯಿತು, ಗಾಳಿ ಮಾತ್ರ ಹಳೆಯ ಗಾಳಿಯೇ. ಪುಟ್ಟ ಪೆಟ್ಟಿಗೆಯಿಂದ ಆಳದ ದನಿ ಬೇಕೆಂದರೆ ಅದು ಈಗಲೂ ಹೆಚ್ಚು ವ್ಯಾಟು ಕುಡಿಯುತ್ತದೆ. ವ್ಯಾಟು ಅಗ್ಗವಾದ್ದರಿಂದ ನಮಗೆ ಅದು ಗೊತ್ತಾಗುತ್ತಿಲ್ಲ ಅಷ್ಟೇ.

ನಮ್ಮ ಕಡೆಯ ಮಾತು

ನಮ್ಮ ದೇಶದಲ್ಲಿ ಬೇಸ್ ಗಿಟಾರ್ ಹೆಚ್ಚಿನವರ ಕಿವಿಗೆ ಬಿದ್ದದ್ದು ಸಿನಿಮಾದಿಂದ. ಬೊಂಬಾಯಿಯಲ್ಲಿ ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್, ಮದರಾಸಿನಲ್ಲಿ ಇಳಯರಾಜಾ ಅವರ ತಂಡದಲ್ಲಿ ಶಶಿಧರನ್ ಬೇಸ್ ನುಡಿಸಿದರು. ಕನ್ನಡಿಗರಾದ ನಮಗೆ ಶಂಕರ್‌ನಾಗ್ ಅವರ 1981ರ 'ಗೀತಾ', ಮಣಿರತ್ನಂ ಅವರ ಮೊದಲ ಚಿತ್ರವಾದ 1983ರ 'ಪಲ್ಲವಿ ಅನುಪಲ್ಲವಿ' ಗೊತ್ತು. ಎರಡಕ್ಕೂ ಇಳಯರಾಜಾ ಅವರದೇ ಸಂಗೀತ. ಊರಿಗೆ ಹೋದಾಗ ಕೊಂಡು ತಂದ ಕ್ಯಾಸೆಟ್ಟುಗಳನ್ನು ಟೇಪು ಸವೆಯುವವರೆಗೆ ಕೇಳಿದವರು ನಾವು. ಆದರೆ ಕೇಳಿದ್ದು ಅಂಗೈಯಗಲದ ಸ್ಪೀಕರಿನ ಟೂ-ಇನ್-ಒನ್‌ನಲ್ಲಿ. ಅದರಿಂದ 41 ಹರ್ಟ್ಜ್ ಹೊರಬರುವ ಮಾತೇ ಇಲ್ಲ.

ಆದರೂ ಬೇಸ್ ಕೇಳಿಸಿದ ಹಾಗೆ ಅನ್ನಿಸುತ್ತಿತ್ತಲ್ಲ, ಹೇಗೆ? ತಂತಿ 41ರಲ್ಲಿ ಕಂಪಿಸುವಾಗ ಅದರ ಎರಡರಷ್ಟು, ಮೂರರಷ್ಟು, ಅಂದರೆ 82, 123 ಹರ್ಟ್ಜ್ ದನಿಗಳೂ ಜೊತೆಗೆ ಹುಟ್ಟುತ್ತವೆ. ತಂಬೂರಿ ಮೀಟಿದಾಗ ಒಂದೇ ತಂತಿಯಿಂದ ಹಲವು ಸ್ವರ ಹೊರಡುವ ಹಾಗೆ. ಈ ಮೇಲಿನ ದನಿಗಳನ್ನು ಕೇಳಿ ನಮ್ಮ ಮಿದುಳು ಕೆಳಗಿನ 41ನ್ನು ತಾನೇ ತುಂಬಿಕೊಳ್ಳುತ್ತದೆ. ಇಲ್ಲದ ಸ್ವರವನ್ನು ಇದೆಯೆಂದು ಕೇಳುವುದು! ಎಸ್‌ವಿಟಿಯ ಫ್ರಿಜ್ಜಿನಂಥ ಪೆಟ್ಟಿಗೆಯೂ 41ರ ಹತ್ತಿರ ಅಂಥ ಶೂರನೇನಲ್ಲ, ಅದರ ಪೂರ್ಣ ಬಲ ಶುರುವಾಗುವುದೇ 60ರ ಆಸುಪಾಸಿನಲ್ಲಿ. ಉಳಿದದ್ದನ್ನು ಕೇಳುಗರ ತಲೆಯೇ ಮಾಡಿಕೊಂಡಿದೆ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಚರಿತ್ರೆ ಓದಿದ ಮೇಲೆ "ಎಷ್ಟು ವ್ಯಾಟ್" ಅನ್ನುವ ಪ್ರಶ್ನೆ ಬದಲಾಗುತ್ತದೆ. "ನಾನು ಯಾವುದನ್ನು ಬಿಡಲು ತಯಾರಿದ್ದೇನೆ" ಅಂತ ಕೇಳಿಕೊಳ್ಳಬೇಕು.

ಮನೆಯಲ್ಲಿ ಅಭ್ಯಾಸಕ್ಕಾದರೆ ಜೋರನ್ನು ಬಿಡಿ. ಪಕ್ಕದ ಫ್ಲ್ಯಾಟಿನವರು ಇದ್ದಾರೆ. ಮಂದ್ರದ ಉದ್ದ ಅಲೆಗೆ ಗೋಡೆ ಅಡ್ಡಿಯೇ ಅಲ್ಲ, ನೆಲದಲ್ಲಿ ಇಳಿದು ಕೆಳಗಿನ ಮನೆಯ ತಾರಸಿಯಲ್ಲಿ ಏಳುತ್ತದೆ. 8 ಅಥವಾ 10 ಇಂಚಿನ ಸ್ಪೀಕರಿರುವ ಚಿಕ್ಕ ಆಂಪ್ಲಿಫಯರ್, ಜೊತೆಗೆ ಹೆಡ್‌ಫೋನ್ ಕಿಂಡಿ ಇದ್ದರೆ ಧಾರಾಳ. ಹೆಡ್‌ಫೋನಿನಲ್ಲಿ 41 ಹರ್ಟ್ಜ್ ಪುಕ್ಕಟೆ ಸಿಗುತ್ತದೆ, ಕಿವಿಯ ಹತ್ತಿರ ತಳ್ಳಬೇಕಾದ ಗಾಳಿ ಒಂದು ಗುಟುಕು ಮಾತ್ರ.

ಡ್ರಮ್ಸಿನವರ ಜೊತೆ ನುಡಿಸುವುದಾದರೆ 25 ವ್ಯಾಟ್ ಸಾಲದು. ಗಿಟಾರಿನವನಿಗೆ 30 ವ್ಯಾಟ್ ಸಾಕಾದಲ್ಲಿ ಬೇಸಿನವನಿಗೆ 200, 300 ಬೇಕಾಗುವುದು ದುರಾಸೆಯಿಂದಲ್ಲ, ಫ್ಲೆಚರ್ ಮತ್ತು ಮನ್ಸನ್ ಹೇಳಿದ ಕಾರಣದಿಂದ. ಆದರೆ ವ್ಯಾಟಿನ ಜೊತೆಗೆ ಸ್ಪೀಕರಿನ ಸೆನ್ಸಿಟಿವಿಟಿ ಅನ್ನುವ ಅಂಕಿಯನ್ನೂ ನೋಡಿ. 94 ಡೆಸಿಬೆಲ್ ಸ್ಪೀಕರಿಗೆ 200 ವ್ಯಾಟ್ ಕೊಟ್ಟರೆ ಬರುವ ಜೋರು, 97 ಡೆಸಿಬೆಲ್ ಸ್ಪೀಕರಿಗೆ 100 ವ್ಯಾಟಿನಲ್ಲೇ ಬರುತ್ತದೆ. ಅಂಗಡಿಯವರು ಮೊದಲನೆಯ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಎರಡನೆಯದನ್ನು ಕೇಳಿ ತಿಳಿಯಬೇಕು. ಎರಡು ಪೆಟ್ಟಿಗೆ ಜೋಡಿಸುವವರು ಓಮ್ ಲೆಕ್ಕವನ್ನೂ ನೋಡಿಕೊಳ್ಳಿ. 8 ಓಮಿನ ಎರಡು ಪೆಟ್ಟಿಗೆ ಸಮಾನಾಂತರವಾಗಿ ಸೇರಿದರೆ 4 ಓಮ್. ಆಂಪ್ಲಿಫಯರ್ ಅದಕ್ಕಿಂತ ಕೆಳಗೆ ತಾಳದಿದ್ದರೆ ಮೂರನೆಯದನ್ನು ಸಿಕ್ಕಿಸಬೇಡಿ, ಸುಟ್ಟುಹೋದೀತು.

ದೊಡ್ಡ ಸಭಾಂಗಣಕ್ಕೆ, ಮೈದಾನಕ್ಕೆ ಪೆಟ್ಟಿಗೆ ಹೊರುವುದನ್ನೇ ಬಿಡಿ. ಮೋಟೌನಿನ ನೆಲಮಾಳಿಗೆಯ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಒಂದು ಡಿಐ ಪೆಟ್ಟಿಗೆ ಜೇಬಿನಲ್ಲಿದ್ದರೆ ಸಾಕು, ಬೇಸಿನ ದನಿ ನೇರ ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಹೋಗುತ್ತದೆ. ಮಂದ್ರವನ್ನು ಹೊರಲು ಅಲ್ಲಿ 18 ಇಂಚಿನ ಸ್ಪೀಕರುಗಳಿರುತ್ತವೆ. ನೀವು ತಂದ ಪುಟ್ಟ ಆಂಪ್ಲಿಫಯರ್ ನಿಮ್ಮ ಕಿವಿಗೆ ಮಾತ್ರ. ವಿರಾರ್ ಲೋಕಲ್ಲಿನಲ್ಲಿ ಸಂಜೆ ಆರಕ್ಕೆ ಫ್ರಿಜ್ ಹತ್ತಿಸುವ ಸಾಹಸ ಯಾರಿಗೂ ಬೇಡ :)

ಇನ್ನೊಂದು ಮಾತು, ಇದು ಕೊಳ್ಳುವವರಿಗಲ್ಲ, ಕೇಳುವವರಿಗೆ. ಈ ವಾರ ಬಿಡುವಿದ್ದಾಗ ಒಂದು ಹಳೆಯ ಹಾಡನ್ನು ಹೆಡ್‌ಫೋನಿನಲ್ಲಿ ಹಾಕಿಕೊಳ್ಳಿ. ಪಲ್ಲವಿ ಮುಗಿಯುವವರೆಗೆ ಹಾಡುವವರನ್ನು ಬಿಟ್ಟು ಕೆಳಗಿನ ದನಿಯನ್ನೇ ಹಿಂಬಾಲಿಸಿ. ಆಮೇಲೆ ನುಡಿಸಿದವರು ಯಾರು ಅಂತ ಹುಡುಕಿ. ಕ್ಯಾಸೆಟ್ಟಿನ ಮೇಲೆ ಗಾಯಕರ ಹೆಸರು ಇರುತ್ತದೆ, ಸಾಹಿತ್ಯ ಬರೆದವರದು ಇರುತ್ತದೆ. ಇವರದು ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಸ್ಟುಡಿಯೋಗಳಲ್ಲಿ ದುಡಿದವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ. ನಿಮಗೆ ಯಾರ ಹೆಸರಾದರೂ ಸಿಕ್ಕರೆ, ಯಾವ ಹಾಡು ಅಂತಲೂ ಸೇರಿಸಿ ಒಂದು ಕಡೆ ಬರೆದಿಡಿ.